ಸಮುದ್ರಕ್ಕೆ ದಾರಿಯಿಲ್ಲದ ಸರೋವರದಲ್ಲಿ ಹಡಗು ಕಂಪನಿ ನಡೆಯೋದು ಹೇಗೆ?

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಬೆಟ್ಟಗಳ ನಡುವೆ ಎಲ್ಲೋ ಇರುವ ಸಿಹಿನೀರಿನ ಸರೋವರಗಳಲ್ಲೂ ದೊಡ್ಡ ಹಡಗು ಓಡುತ್ತವಂತೆ. ಅವು ಅಲ್ಲಿಗೆ ಹೋಗಿದ್ದಾದರೂ ಹೇಗೆ? ಅವನ್ನು ನಂಬಿಕೊಂಡು ಒಂದು ಕಂಪನಿ ಬದುಕುತ್ತಾ?"

ಅಂಥ ಹಡಗು ನೀರಿನ ಮೇಲೆ ಬರುವುದಿಲ್ಲ, ನೆಲದ ಮೇಲೆ ತುಂಡು ತುಂಡಾಗಿ ಬರುತ್ತದೆ. ಟಿಟಿಕಾಕಾ ಸರೋವರವನ್ನೇ ನೋಡಿ. ಪೆರು ಮತ್ತು ಬೊಲಿವಿಯಾ ಗಡಿಯಲ್ಲಿ, ಸುಮಾರು 3,800 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆಂದು ಪೆರು ಸರ್ಕಾರ ಇಂಗ್ಲೆಂಡಿನಲ್ಲಿ ಯಾವಾರಿ, ಯಾಪುರಾ ಎಂಬ ಎರಡು ಹಡಗು ಮಾಡಿಸಿತು. ಎರಡೂವರೆ ಸಾವಿರಕ್ಕೂ ಜಾಸ್ತಿ ತುಂಡುಗಳು. ಒಂದು ಹೇಸರಗತ್ತೆ ಹೊರುವಷ್ಟೇ ಒಂದೊಂದರ ತೂಕ ಇರಬೇಕಿತ್ತು. 1862ರಲ್ಲಿ ಇಂಗ್ಲೆಂಡ್ ಬಿಟ್ಟ ಯಾವಾರಿ ಆಂಡಿಸ್ ಪರ್ವತ ಹತ್ತಿ, ಜೋಡಣೆಯಾಗಿ ನೀರಿಗಿಳಿದದ್ದು 1870ರ ಡಿಸೆಂಬರ್ 25ರಂದು. ಎಂಟು ವರ್ಷ! ಕಲ್ಲಿದ್ದಲು ಸಿಗದ ಜಾಗವಾದ್ದರಿಂದ ಒಣಗಿದ ಲಾಮಾ ಸಗಣಿಯನ್ನೇ ಬಾಯ್ಲರಿಗೆ ಉರುವಲು ಮಾಡಿದರು.

ಹೀಗೆ ಬಂದ ಹಡಗು ಮತ್ತೆ ಹೊರಗೆ ಹೋಗುವುದಿಲ್ಲ. ನನ್ನ ಪ್ರಕಾರ ಇಡೀ ವ್ಯವಹಾರದ ಗುಟ್ಟು ಇಲ್ಲೇ ಇದೆ. ಸಮುದ್ರದ ಕಂಪನಿಯಾದರೆ ಹಡಗು ಕೆಟ್ಟಾಗ ಬೇರೆ ಬಂದರಿಗೆ ಒಯ್ದು ರಿಪೇರಿ ಮಾಡಿಸಬಹುದು, ಬೇಡವಾದರೆ ಮಾರಬಹುದು, ಅವಸರಕ್ಕೆ ಇನ್ನೊಂದನ್ನು ಬಾಡಿಗೆಗೆ ತರಬಹುದು. ಸರೋವರದಲ್ಲಿ ಇದ್ಯಾವುದೂ ಆಗದು. ಹಾಗಾಗಿ ಹಡಗಿಗಿಂತ ಮೊದಲು ಬೇಕಾದದ್ದು ಹಡಗನ್ನು ದಡಕ್ಕೆ ಎಳೆದುಕೊಳ್ಳುವ ಇಳಿಜಾರು ಕಟ್ಟೆ, ಸ್ವಂತ ವರ್ಕ್‌ಶಾಪ್, ಬಿಡಿಭಾಗಗಳ ದಾಸ್ತಾನು, ಆ ಇಂಜಿನ್ನಿನ ಗುಣ ಬಲ್ಲ ಮೆಕ್ಯಾನಿಕ್.

ಇದಕ್ಕೆ ಆಫ್ರಿಕಾದ ಟಾಂಗನಿಕಾ ಸರೋವರದ ಲೀಂಬಾಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಜರ್ಮನಿಯ ಪಾಪೆನ್‌ಬರ್ಗ್‌ನಲ್ಲಿ 1913ರಲ್ಲಿ ಕಟ್ಟಿದ ಹಡಗು ಅದು. ಬಿಚ್ಚಿ ಪೆಟ್ಟಿಗೆಗಳಲ್ಲಿ ತುಂಬಿ, ಕರಾವಳಿಯ ದಾರ್ ಎಸ್ ಸಲಾಮ್‌ನಿಂದ ರೈಲಿನ ದಾರಿಯಲ್ಲಿ ಸರೋವರದ ದಡದ ಕಿಗೋಮಾಕ್ಕೆ ಸಾಗಿಸಿದರು. ಮೊದಲ ಮಹಾಯುದ್ಧದ ಹೊತ್ತಲ್ಲಿ, 1916ರಲ್ಲಿ, ಅದು ಶತ್ರುಗಳ ಕೈಗೆ ಸಿಗದಿರಲಿ ಅಂತ ಜರ್ಮನರೇ ಮುಳುಗಿಸಿದರು. ಆದರೆ ಅದಕ್ಕೂ ಮೊದಲು ಇಂಜಿನ್ನಿಗೆಲ್ಲ ದಪ್ಪಗೆ ಗ್ರೀಸ್ ಬಳಿದರು. ಮುಳುಗಿಸುವ ಹೊತ್ತಲ್ಲೂ ಇಂಜಿನ್ ಉಳಿಯಲಿ ಅಂದುಕೊಂಡರಲ್ಲ, ಆ ಕಾಳಜಿ ನೆನೆದಾಗೆಲ್ಲ ಮನಸ್ಸು ತುಂಬಿ ಬರುತ್ತದೆ. 1924ರಲ್ಲಿ ಬ್ರಿಟಿಷರು ಮೇಲೆತ್ತಿದಾಗ ಇಂಜಿನ್ ಬಳಸುವ ಸ್ಥಿತಿಯಲ್ಲೇ ಇತ್ತು. 1927ರಿಂದ ಲೀಂಬಾ ಅನ್ನೋ ಹೊಸ ಹೆಸರಲ್ಲಿ ಓಡಾಟ ಶುರುವಾಯಿತು. ಉಗಿ ಇಂಜಿನ್ ತೆಗೆದು ಡೀಸೆಲ್ ಹಾಕಿದ್ದು 1970ರ ದಶಕದಲ್ಲಿ.

ಇಷ್ಟು ವರ್ಷ ಬಾಳಿದ್ದರಲ್ಲಿ ಸಿಹಿನೀರಿನ ಪಾಲೂ ಇದೆ. ಉಪ್ಪಿಲ್ಲದ್ದರಿಂದ ಕಬ್ಬಿಣಕ್ಕೆ ತುಕ್ಕು ನಿಧಾನವಾಗಿ ಹಿಡಿಯುತ್ತದೆ. ಬದಲಿಗೆ ಒಂದು ಸಣ್ಣ ನಷ್ಟ: ಸಾವಿರ ಲೀಟರ್ ಸಮುದ್ರದ ನೀರು ಸುಮಾರು 1,025 ಕಿಲೋ ತೂಗಿದರೆ ಸಿಹಿನೀರು ಸಾವಿರ ಕಿಲೋ ಅಷ್ಟೇ. ಅದೇ ಸರಕು ಹೇರಿದರೂ ಹಡಗು ಇಲ್ಲಿ ತುಸು ಜಾಸ್ತಿ ಆಳಕ್ಕೆ ಇಳಿಯುತ್ತದೆ.

ಇನ್ನು ಸಂಪಾದನೆ. ಟಾಂಗನಿಕಾ ಸುಮಾರು 670 ಕಿಲೋಮೀಟರ್ ಉದ್ದ, ದಡದಲ್ಲಿ ನಾಲ್ಕು ದೇಶ. ಹೆಚ್ಚಿನ ಊರುಗಳಲ್ಲಿ ಹಡಗು ನಿಲ್ಲುವ ಕಟ್ಟೆಯೇ ಇಲ್ಲ. ಲೀಂಬಾ ದೂರದಲ್ಲೇ ನಿಲ್ಲುತ್ತಿತ್ತು. ದಡದಿಂದ ದೋಣಿಗಳು ಬಂದು ಪಕ್ಕಕ್ಕೆ ಅಂಟಿಕೊಳ್ಳುತ್ತಿದ್ದವು. ಜನ, ಒಣಮೀನಿನ ಮೂಟೆ, ಜೋಳದ ಚೀಲ, ಎಲ್ಲವೂ ಕೈಯಿಂದ ಕೈಗೆ. ಒಂದೊಂದು ನಿಲುಗಡೆಗೂ ಹೊತ್ತು ಹೋಗುತ್ತದೆ, ಹೊತ್ತು ಹೋದಂತೆ ಡೀಸೆಲ್ಲೂ ಹೋಗುತ್ತದೆ. ಹೋಗುವಾಗ ತುಂಬಿದ ಹಡಗು ಬರುವಾಗ ಅರ್ಧ ಖಾಲಿ ಬಂದರೂ ಖರ್ಚು ಮಾತ್ರ ಹೆಚ್ಚು ಕಡಿಮೆ ಅಷ್ಟೇ. ಜೊತೆಗೆ ರೈಲು ಸರಿಯಾಗಿ ಬರದಿದ್ದರೆ ಹಡಗಿಗೆ ಸರಕೂ ಇಲ್ಲ, ಬಿಡಿಭಾಗವೂ ಇಲ್ಲ.

ಆದರೆ ಇಂಥ ಕಂಪನಿಗೆ ನಿಜವಾದ ಪೈಪೋಟಿ ಇನ್ನೊಂದು ಹಡಗಿನದಲ್ಲ, ರಸ್ತೆಯದು. ಟಿಟಿಕಾಕಾ ದಡದಲ್ಲಿ ರಸ್ತೆಗಳಾದ ಮೇಲೆ ಸರಕು ಲಾರಿಗೆ ಹೋಯಿತು. ಯಾವಾರಿ ಸುಮ್ನೆ ನಿಂತುಬಿಟ್ಟಿತು. 1980ರ ದಶಕದಲ್ಲಿ ಪರೀಕ್ಷೆ ಮಾಡಿ ನೋಡಿದರೆ ಅದರ ಕಬ್ಬಿಣದ ಒಡಲು ಇನ್ನೂ ಗಟ್ಟಿ. ಹಡಗಿಗೇನೂ ಆಗಿರಲಿಲ್ಲ, ಹೊರೋಕೆ ಸರಕು ಇರಲಿಲ್ಲ ಅಷ್ಟೇ. ಅದಕ್ಕೇ ಯಾರಾದರೂ ಇಂಥ ಕಂಪನಿ ಬಗ್ಗೆ ಕೇಳಿದರೆ, ಸರೋವರದ ಆಳ ವಿಚಾರಿಸುವ ಮೊದಲು ದಡದ ಯಾವ ಯಾವ ಊರಿಗೆ ರಸ್ತೆ ಇಲ್ಲ ಅಂತ ನಕ್ಷೆ ನೋಡಿ ಅನ್ನುತ್ತೇನೆ.