ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಮೋಟರ್‌ಹೋಮ್: ರಾತ್ರಿ ಎಲ್ಲಿ ತಂಗಬೇಕು?

ಪ್ರಶ್ನೆ: ಬೇಸಿಗೆಯಲ್ಲಿ ಮೋಟರ್‌ಹೋಮ್ (ಒಳಗೇ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಗಾಡಿ) ಬಾಡಿಗೆಗೆ ಪಡೆದು ಫ್ರಾನ್ಸಿನ ಹಳ್ಳಿಗಳನ್ನು ಸುತ್ತಬೇಕೆಂದಿದ್ದೇವೆ. ಸರೋವರದ ದಡವೋ ಹಳ್ಳಿಯ ಚೌಕವೋ, ಇಷ್ಟವಾದ ಕಡೆ ಗಾಡಿ ನಿಲ್ಲಿಸಿ ಮಲಗಬಹುದೇ? ಅಥವಾ ಪ್ರತಿ ರಾತ್ರಿಗೂ ಕ್ಯಾಂಪಿಂಗ್ ತಾಣವನ್ನು ಮೊದಲೇ ಕಾಯ್ದಿರಿಸಬೇಕೇ?

ಉತ್ತರ: ಎಲ್ಲೆಂದರಲ್ಲಿ ಮಲಗುವಂತಿಲ್ಲ. ಹಾಗೆಂದು ಪ್ರತಿ ರಾತ್ರಿಗೂ ಕಾಯ್ದಿರಿಸಬೇಕಾಗಿಯೂ ಇಲ್ಲ.

ಫ್ರಾನ್ಸಿನಲ್ಲಿ ಗಾಡಿ ನಿಲ್ಲಿಸುವುದು ಒಂದು, ಬಿಡಾರ ಹೂಡುವುದು ಇನ್ನೊಂದು. ಕಾರು ನಿಲ್ಲಿಸಲು ಅವಕಾಶವಿರುವ ಜಾಗದಲ್ಲಿ ಮೋಟರ್‌ಹೋಮನ್ನೂ ನಿಲ್ಲಿಸಬಹುದು. ಒಳಗೆ ನೀವು ನಿದ್ದೆ ಮಾಡುತ್ತಿದ್ದೀರೋ ಓದುತ್ತಿದ್ದೀರೋ ಎಂಬುದು ಮುಖ್ಯವಲ್ಲ. ಆದರೆ ಗಾಡಿಯ ಪಕ್ಕಕ್ಕಿರುವ ಮಡಚುವ ಚಪ್ಪರ ಬಿಚ್ಚಿ, ಮೇಜು ಕುರ್ಚಿ ಹೊರಗಿಟ್ಟ ಕೂಡಲೇ ಅದು ಬಿಡಾರವಾಗುತ್ತದೆ. ಸಮುದ್ರ ತೀರದಲ್ಲಿ, ಕುಡಿಯುವ ನೀರಿನ ಮೂಲದಿಂದ 200 ಮೀಟರ್ ಒಳಗೆ, ಸಂರಕ್ಷಿತ ಸ್ಮಾರಕದಿಂದ 500 ಮೀಟರ್ ಒಳಗೆ ಹಾಗೆ ಬಿಡಾರ ಹೂಡುವುದಕ್ಕೆ ನಿಷೇಧವಿದೆ. ನೋಡಲು ಹೋಗುವಂಥ ಹಳ್ಳಿಯೆಂದರೆ ನಡುವೆ ಒಂದು ಹಳೆಯ ಚರ್ಚೋ ಕೋಟೆಮನೆಯೋ ಇದ್ದೇ ಇರುತ್ತದೆ, ಅದು ಬಹುಪಾಲು ಸಂರಕ್ಷಿತವೂ ಆಗಿರುತ್ತದೆ. ಹಾಗಾಗಿ ಹಳ್ಳಿಯ ಚೌಕದಲ್ಲಿ ಕುರ್ಚಿ ಹಾಕಿಕೊಂಡು ಸಂಜೆ ಕಳೆಯುವ ಆಸೆಯನ್ನು ಈಗಲೇ ಬಿಡಿ. ಇದರ ಮೇಲೆ, ಊರಿನ ಮೇಯರ್ ಆದೇಶ ಹೊರಡಿಸಿ ಮೋಟರ್‌ಹೋಮ್‌ಗಳ ರಾತ್ರಿ ನಿಲುಗಡೆಯನ್ನು ತಡೆಯಬಹುದು. ಸರೋವರಗಳ ದಡದಲ್ಲಿ ಇಂಥ ಫಲಕಗಳು ಹೆಚ್ಚು. ಫಲಕ ಕಂಡರೆ ಅದನ್ನು ಪಾಲಿಸಿ. ಒಂದು ರಾತ್ರಿಯ ಉದ್ಧಟತನಕ್ಕೆ ಆ ಜಾಗ ಮುಂದೆ ಬರುವವರಿಗೆಲ್ಲ ಮುಚ್ಚಿಹೋಗುತ್ತದೆ.

ಹಾಗಾದರೆ ಎಲ್ಲಿ ತಂಗಬೇಕು? ಇದಕ್ಕೆ ಫ್ರಾನ್ಸಿನ ಹಳ್ಳಿಗಳೇ ಒಂದು ಸೊಗಸಾದ ದಾರಿ ಮಾಡಿಕೊಂಡಿವೆ. ಊರಿನ ಅಂಚಿನಲ್ಲಿ, ಆಟದ ಮೈದಾನದ ಪಕ್ಕವೋ ಸಮುದಾಯ ಭವನದ ಹಿಂದೆಯೋ, ಸ್ಥಳೀಯ ಆಡಳಿತವೇ ಮೋಟರ್‌ಹೋಮ್‌ಗಳಿಗೆಂದು ಜಾಗ ಬಿಟ್ಟಿರುತ್ತದೆ. ‘ಏರ್ ದ ಕ್ಯಾಂಪಿಂಗ್ ಕಾರ್’ ಎಂಬ ಫಲಕ ಹುಡುಕಿ. ದೇಶದಲ್ಲಿ ಇಂಥವು ಸಾವಿರಾರು ಇವೆ. ಕೆಲವು ಉಚಿತ, ಕೆಲವಕ್ಕೆ ಅಲ್ಪ ಶುಲ್ಕ. ಅಲ್ಲಿ ತಂಗಿದವರು ಬೆಳಿಗ್ಗೆ ಬ್ರೆಡ್, ಚೀಸ್, ಕಾಫಿಗೆಂದು ಊರೊಳಗೆ ಬರುತ್ತಾರೆ. ಸಣ್ಣ ಊರಿನ ಬೇಕರಿ ಬಾಗಿಲು ತೆರೆದಿಟ್ಟುಕೊಳ್ಳಲು ಅಂಥ ಗಿರಾಕಿಗಳೂ ಬೇಕು. ಸೂಪರ್‌ಮಾರ್ಕೆಟ್‌ನಲ್ಲಿ ವಾರದ ಸಾಮಾನು ತುಂಬಿಕೊಂಡು ಬಂದು, ಹಳ್ಳಿಯಲ್ಲಿ ಪುಕ್ಕಟೆ ಮಲಗಿ, ಒಂದು ಬ್ರೆಡ್ಡನ್ನೂ ಕೊಳ್ಳದೆ ಹೊರಡುವುದು ನನ್ನ ಪ್ರಕಾರ ಆ ಊರಿಗೆ ಮಾಡುವ ಅನ್ಯಾಯ.

ಇಂಥ ಹಲವು ಜಾಗಗಳಲ್ಲಿ ಸೊಂಟದೆತ್ತರದ ಒಂದು ಸೇವಾ ಕಂಬ ಇರುತ್ತದೆ. ಅದರ ಬಳಕೆಯನ್ನು ಸರಿಯಾಗಿ ತಿಳಿದುಕೊಂಡೇ ಹೋಗಿ. ನಾಣ್ಯ, ಕಾರ್ಡ್ ಅಥವಾ ಟೋಕನ್ ಹಾಕಿದರೆ ನೀರು ಬರುತ್ತದೆ. ಟೋಕನ್ ಕೆಲವು ಊರುಗಳಲ್ಲಿ ಬೇಕರಿಯಲ್ಲಿ, ಕೆಲವು ಕಡೆ ಮೇಯರ್ ಕಚೇರಿಯಲ್ಲಿ ಸಿಗುತ್ತದೆ. ಪಾತ್ರೆ ತೊಳೆದ ನೀರನ್ನು ಬಿಡಲು ನೆಲದಲ್ಲಿ ಜಾಲರಿ, ಶೌಚದ ಕ್ಯಾಸೆಟ್ (ಗಾಡಿಯ ಶೌಚಾಲಯದ ಕಳಚಿ ತೆಗೆಯುವ ತೊಟ್ಟಿ) ಖಾಲಿ ಮಾಡಲು ಬೇರೆಯೇ ಗುಂಡಿ ಇರುತ್ತದೆ. ನಲ್ಲಿಗಳು ಎರಡಿದ್ದರೆ ಒಂದು ಕುಡಿಯುವ ನೀರಿಗೆ, ಇನ್ನೊಂದು ಕ್ಯಾಸೆಟ್ ತೊಳೆಯಲು. ‘ಓ ಪೋಟಾಬ್ಲ್’ ಎಂದು ಬರೆದಿರುವುದು ಮಾತ್ರ ಕುಡಿಯುವ ನೀರು, ನಡುವೆ ‘ನೋ’ ಸೇರಿದ್ದರೆ ಕುಡಿಯಬಾರದು. ಕುಡಿಯುವ ನಲ್ಲಿಯ ಬಾಯಿಗೂ ಹಿಂದಿನವರು ಕ್ಯಾಸೆಟ್ ತಗುಲಿಸಿರಬಹುದು. ಅದನ್ನು ಒರೆಸಿ, ಸ್ವಲ್ಪ ನೀರು ಹರಿಯಬಿಟ್ಟು, ನಿಮ್ಮದೇ ಪೈಪ್ ಜೋಡಿಸಿ.

ಇನ್ನೊಂದು ಆಯ್ಕೆ ‘ಫ್ರಾನ್ಸ್ ಪ್ಯಾಶನ್’. 1993ರಿಂದ ನಡೆಯುತ್ತಿರುವ ಈ ಜಾಲದ ಸದಸ್ಯರು ದ್ರಾಕ್ಷಿ ತೋಟ, ಹೊಲಮನೆಗಳಲ್ಲಿ 24 ಗಂಟೆ ಉಚಿತವಾಗಿ ತಂಗಬಹುದು. ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಬಂದಾಗ ಮತ್ತು ಹೊರಡುವಾಗ ಮನೆಯವರನ್ನು ಮಾತನಾಡಿಸಬೇಕು, ಅಷ್ಟೇ.

ಎಲ್ಲಿಂದ ಶುರು ಮಾಡಬೇಕೆಂದು ನನ್ನನ್ನು ಕೇಳಿದರೆ ಒವೆರ್ನ್ಯ ಪ್ರಾಂತ್ಯದ ಬೆಸ್ ಎನ್ನುತ್ತೇನೆ. ಕಪ್ಪು ಲಾವಾ ಕಲ್ಲಿನಲ್ಲಿ ಕಟ್ಟಿದ ಹಳೆಯ ಊರು. ಹತ್ತಿರದಲ್ಲೇ ಪಾವಾಂ ಸರೋವರವಿದೆ. ಜ್ವಾಲಾಮುಖಿ ಸ್ಫೋಟದಿಂದ ಸುಮಾರು 7,000 ವರ್ಷಗಳ ಹಿಂದೆ ಉಂಟಾದ, ಬಹುತೇಕ ದುಂಡಗಿನ ಸರೋವರ ಅದು. ಅಗಲ ಒಂದು ಕಿಲೋಮೀಟರಿಗೂ ಕಡಿಮೆ, ಆಳ 92 ಮೀಟರ್. ತಳದ ನೀರು ಮೇಲಿನ ನೀರಿನೊಂದಿಗೆ ಎಂದೂ ಬೆರೆಯುವುದಿಲ್ಲ. ಕೆಳಗಿನ ಪದರದಲ್ಲಿ ಆಮ್ಲಜನಕವೇ ಇಲ್ಲದ್ದರಿಂದ ವಿಜ್ಞಾನಿಗಳಿಗೂ ಇದರ ಮೇಲೆ ಕಣ್ಣು. ಈಜುವಂತಿಲ್ಲ. ಕಾಡಿನ ನೆರಳಿನಲ್ಲಿ ನೀರಿನ ಪಕ್ಕವೇ ಸಾಗುವ ಕಾಲುದಾರಿಯಲ್ಲಿ ಸುಮಾರು ಒಂದು ಗಂಟೆಯಲ್ಲಿ ಸುತ್ತು ಮುಗಿಯುತ್ತದೆ. ದಯವಿಟ್ಟು ಅದನ್ನು ಎರಡು ಗಂಟೆಗೆ ಹಿಗ್ಗಿಸಿ. ಇದು ಸೇಂಟ್ ನೆಕ್ಟೇರ್ ಚೀಸ್‌ನ ಸೀಮೆ. ಚೀಸ್ ಗಟ್ಟಿಯ ಮೇಲೆ ಹಸಿರು ಅಂಡಾಕಾರದ ಮುದ್ರೆಯಿದ್ದರೆ ಹೊಲಮನೆಯಲ್ಲೇ ಮಾಡಿದ್ದು, ಚೌಕ ಮುದ್ರೆಯಿದ್ದರೆ ಡೇರಿಯದ್ದು. ಮೊದಲನೆಯದನ್ನೇ ಕೊಳ್ಳಿ. ದೊಡ್ಡ ನಡಿಗೆ ಬೇಕೆನ್ನುವವರು ಲಿಮೂಸಾಂ ಕಡೆಯ ವಾಸಿವಿಯೇರ್ ಸರೋವರಕ್ಕೆ ಹೋಗಬಹುದು. ಸುಮಾರು 1,000 ಹೆಕ್ಟೇರಿನ ಜಲಾಶಯ, ನಡುವಿನ ದ್ವೀಪದಲ್ಲಿ ಕಲಾಕೇಂದ್ರ.

ಚಾಲನೆಯ ಬಗ್ಗೆ: ಗಾಡಿಯ ಒಟ್ಟು ತೂಕದ ಮಿತಿ 3.5 ಟನ್ ಮೀರದಿದ್ದರೆ ಕಾರಿನ ಪರವಾನಗಿ ಸಾಕು. ಕರ್ನಾಟಕದಿಂದ ಹೋಗುವವರು ಮೂಲ ಪರವಾನಗಿಯ ಜೊತೆ ಆರ್‌ಟಿಒ ನೀಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಒಯ್ಯಿರಿ. ಬಾಡಿಗೆ ಸಂಸ್ಥೆ ವಯಸ್ಸು, ಅನುಭವದ ಷರತ್ತು ಹಾಕಬಹುದು, ಹಣ ಕಟ್ಟುವ ಮುನ್ನ ಕೇಳಿ. ವಾಹನ ಬಲಬದಿಯಲ್ಲಿ ಚಲಿಸುತ್ತದೆ. ಹಳ್ಳಿಯೊಳಗೆ ಬೇರೆ ಸೂಚನೆ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು, ಅದು ಸಣ್ಣ ಓಣಿಯೇ ಆದರೂ. ಎಷ್ಟೋ ಪಾರ್ಕಿಂಗ್ ಜಾಗಗಳ ಬಾಗಿಲಲ್ಲಿ 2 ಮೀಟರ್ ಎತ್ತರದ ಅಡ್ಡಪಟ್ಟಿ ಇರುತ್ತದೆ. ನಿಮ್ಮ ಗಾಡಿ 3 ಮೀಟರ್ ಆಸುಪಾಸು ಇರುವುದರಿಂದ ಎತ್ತರವನ್ನು ಚೀಟಿಯಲ್ಲಿ ಬರೆದು ಚಾಲಕನ ಮುಂದೆ ಅಂಟಿಸಿ.

ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯ ಕಾಲ. ಜುಲೈ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಫ್ರೆಂಚರೇ ರಜೆಯ ಮೇಲೆ ಹೊರಟಿರುತ್ತಾರೆ. ಆಗ ಸರೋವರದ ಬಳಿಯ ರಾತ್ರಿಗಳನ್ನು ಮಾತ್ರ ಕ್ಯಾಂಪಿಂಗ್ ತಾಣದಲ್ಲಿ ಕಾಯ್ದಿರಿಸಿ. ಉಳಿದ ದಿನ ಮಧ್ಯಾಹ್ನ ನಾಲ್ಕರೊಳಗೆ ಹಳ್ಳಿ ತಲುಪಿದರೆ ಸಾಮಾನ್ಯವಾಗಿ ಜಾಗ ಸಿಗುತ್ತದೆ.