ಗೀಸರ್ ಚಿಮ್ಮುತ್ತದೆ, ಬಿಸಿನೀರಿನ ಬುಗ್ಗೆ ಯಾಕೆ ಚಿಮ್ಮುವುದಿಲ್ಲ?

ಪ್ರಶ್ನೆ: ಮಗಳ ಮನೆಗೆ ಅಮೆರಿಕಕ್ಕೆ ಹೋದಾಗ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್ ನೋಡುವ ಯೋಚನೆಯಿದೆ. ಅಲ್ಲಿನ ಓಲ್ಡ್ ಫೇತ್‌ಫುಲ್ ಗೀಸರ್ (ನೆಲದೊಳಗಿಂದ ಆಗಾಗ ಬಿಸಿನೀರು ಎಸೆಯುವ ಚಿಲುಮೆ) ಗಂಟೆ ಹೊಡೆದ ಹಾಗೆ ಚಿಮ್ಮುತ್ತದಂತೆ. ಅಕ್ಕಪಕ್ಕದ ಬಿಸಿನೀರಿನ ಕೊಳಗಳು ಮಾತ್ರ ಯಾಕೆ ಸುಮ್ಮನಿರುತ್ತವೆ?

ಉತ್ತರ: ಎರಡಕ್ಕೂ ಕಾವು ಒಂದೇ, ನೀರೂ ಒಂದೇ. ವ್ಯತ್ಯಾಸವಿರುವುದು ಗಂಟಲಿನಲ್ಲಿ, ಅಂದರೆ ನೀರು ಮೇಲೇರುವ ದಾರಿಯಲ್ಲಿ. ಮಳೆ, ಹಿಮದ ನೀರು ಬಿರುಕುಗಳಲ್ಲಿ ಇಳಿದು, ಶಿಲಾಪಾಕದ (ನೆಲದಾಳದಲ್ಲಿ ಕರಗಿದ ಕಲ್ಲಿನ) ಶಾಖಕ್ಕೆ ಕಾದ ಬಂಡೆಗಳನ್ನು ತಾಗಿ ಮೇಲೇರುತ್ತದೆ. ದಾರಿ ಸಲೀಸಾಗಿದ್ದರೆ ಬಿಸಿನೀರು ಮೇಲೆ ಬಂದು ಶಾಖ ಬಿಟ್ಟುಕೊಡುತ್ತದೆ, ಒತ್ತಡ ಕಟ್ಟುವುದೇ ಇಲ್ಲ. ಅದು ಬುಗ್ಗೆ.

ಓಲ್ಡ್ ಫೇತ್‌ಫುಲ್‌ನ ಗಂಟಲು ಕಿರಿದು. 1990ರ ದಶಕದಲ್ಲಿ ಅದರೊಳಗೆ ಕ್ಯಾಮೆರಾ ಇಳಿಸಿ ನೋಡಿದಾಗ, ಸುಮಾರು 7 ಮೀಟರ್ ಆಳದಲ್ಲಿ ಬಿರುಕು ಬರೀ 11 ಸೆಂ.ಮೀ.ಯಷ್ಟಿತ್ತು, ಅಂದರೆ ಅಂಗೈ ಅಗಲ. ಕುಕ್ಕರ್ ವೇಯ್ಟ್‌ನ ಕೆಲಸವನ್ನು ಇಲ್ಲಿ ಮೇಲಿನ ನೀರೇ ಮಾಡುತ್ತದೆ. ಸಮುದ್ರಮಟ್ಟದಿಂದ ಎತ್ತರದಲ್ಲಿರುವ ಆ ಜಾಗದಲ್ಲಿ ನೀರು 93 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯಬೇಕು, ಆದರೆ ಆಳದ ನೀರು ಮೇಲಿನ ಭಾರಕ್ಕೆ 100 ದಾಟಿದರೂ ಕುದಿಯದೆ ಉಳಿಯುತ್ತದೆ. ಕೊನೆಗೆ ಆವಿಯ ಗುಳ್ಳೆಗಳು ಸ್ವಲ್ಪ ನೀರನ್ನು ಹೊರಚೆಲ್ಲುತ್ತವೆ. ಭಾರ ತಗ್ಗಿತೋ, ಕೆಳಗಿನದೆಲ್ಲ ಒಟ್ಟಿಗೇ ಆವಿಯಾಗಿ ನೀರನ್ನು 30ರಿಂದ 55 ಮೀಟರ್ ಎತ್ತರಕ್ಕೆ ಎಸೆಯುತ್ತದೆ.

ಈ ಒತ್ತಡ ತಾಳುವ ಕೊಳವೆಯೂ ಬೇಕಲ್ಲ? ಅಲ್ಲಿನ ರಯೋಲೈಟ್ ಎಂಬ ಜ್ವಾಲಾಮುಖಿ ಬಂಡೆಯಿಂದ ಕರಗಿ ಬಂದ ಸಿಲಿಕಾ (ಮರಳಿನಲ್ಲಿರುವಂಥ ಖನಿಜ) ಒಳಗೋಡೆಗೆ ಗಾರೆಯಾಗಿ ಕೂರುತ್ತದೆ. ಅದೇ ಪಾರ್ಕಿನ ಮ್ಯಾಮತ್ ಬುಗ್ಗೆಗಳ ಬುಡದಲ್ಲಿರುವುದು ಮೆದು ಸುಣ್ಣಕಲ್ಲು. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿಳಿ ಕಟ್ಟೆಗಳು ಬೆಳೆಯುತ್ತವೆ, ಗೀಸರ್ ಇಲ್ಲ. ನಮ್ಮ ಪುತ್ತೂರು ಬಳಿಯ ಬೆಂದ್ರು ತೀರ್ಥದಲ್ಲಂತೂ ನೀರು ಮೀಯುವಷ್ಟು ಬೆಚ್ಚಗೆ ಮಾತ್ರ, ಕುದಿಯುವ ಮಾತು ದೂರ.

‘ಗಂಟೆ ಹೊಡೆದ ಹಾಗೆ’ ಅನ್ನುವುದು ಸ್ವಲ್ಪ ಉತ್ಪ್ರೇಕ್ಷೆ. ಈಗಿನ ಅಂತರ ಸರಾಸರಿ ಒಂದೂವರೆ ಗಂಟೆ, ಅದೂ ಏರುಪೇರಾಗುತ್ತದೆ. ಹಿಂದಿನ ಸಲ ಎರಡು ನಿಮಿಷಕ್ಕೇ ನಿಂತಿದ್ದರೆ ಬೇಗ ಚಿಮ್ಮುತ್ತದೆ, ನಾಲ್ಕೈದು ನಿಮಿಷ ಎಳೆದಿದ್ದರೆ ಕೊಳವೆ ಮತ್ತೆ ತುಂಬಿ ಕಾಯಲು ಹೆಚ್ಚು ಹೊತ್ತು ಬೇಕು. ರೇಂಜರ್‌ಗಳು ಈ ಲೆಕ್ಕದಲ್ಲೇ ಮುಂದಿನ ಸಮಯ ಬರೆದು ಹಾಕುತ್ತಾರೆ, ಹತ್ತು ನಿಮಿಷ ಆಚೀಚೆ.

ಜಗತ್ತಿನ ಅತಿ ಎತ್ತರದ ಗೀಸರ್ ಸ್ಟೀಮ್‌ಬೋಟ್ ಕೂಡ ಇದೇ ಪಾರ್ಕಿನಲ್ಲಿದೆ, 90 ಮೀಟರ್ ಮೀರಿ ಚಿಮ್ಮಬಲ್ಲದು. ಆದರೆ ಕೆಲವೊಮ್ಮೆ ನಾಲ್ಕೇ ದಿನಕ್ಕೆ ಎದ್ದರೆ, ಒಮ್ಮೆ 50 ವರ್ಷ ಮಲಗಿದ್ದೂ ಇದೆ. ಅದನ್ನು ನಂಬಿ ಪ್ಲಾನ್ ಹಾಕಬೇಡಿ. ಮರದ ಹಲಗೆಯ ದಾರಿ ಬಿಟ್ಟು ಕೆಳಗೂ ಇಳಿಯಬೇಡಿ: ಕೊಳದಂಚಿನ ನೆಲ ತೆಳು ಹಪ್ಪಳ, ಅಲ್ಲಿನ ಬಿಸಿನೀರಿಗೆ ಈವರೆಗೆ 20ಕ್ಕೂ ಹೆಚ್ಚು ಜನ ಬಲಿಯಾಗಿದ್ದಾರೆ.