ವಿಡಿಯೋ ಕನ್ವರ್ಟ್ ಮಾಡುವಾಗ ಮಾತ್ರ ಕಂಪ್ಯೂಟರ್ ಆಫ್ ಆಗುವುದು ಯಾಕೆ?

ಪ್ರಶ್ನೆ: ಹಳೆಯ ಮದುವೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ. ಜನ ಓಡಾಡುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಅದು ಹೋಗಲಿ ಎಂದು ಡಿಇಂಟರ್‌ಲೇಸ್ ಆನ್ ಮಾಡಿ ಕನ್ವರ್ಟ್‌ಗೆ ಇಟ್ಟರೆ, ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ಪಟ್ಟನೆ ಆಫ್. ಸಿನಿಮಾ ನೋಡುವಾಗ ಏನೂ ಆಗುವುದಿಲ್ಲ. ಫೈಲ್ ಕೆಟ್ಟಿದೆಯಾ? ಸಾಫ್ಟ್‌ವೇರ್ ಬದಲಿಸಬೇಕಾ?

ಉತ್ತರ: ಎರಡೂ ಅಲ್ಲ ಎಂದೇ ಹೇಳಬಹುದು. ಕೆಟ್ಟ ಫೈಲ್ ಇದ್ದರೆ ಕನ್ವರ್ಟ್ ಅರ್ಧಕ್ಕೆ ನಿಲ್ಲುತ್ತದೆ, ಎರರ್ ಬರುತ್ತದೆ. ಇಡೀ ಮೆಷೀನಿನ ಕರೆಂಟ್ ಹೋಗುವುದಿಲ್ಲ. ಹಾಗೆ ಹೋಗುತ್ತಿದೆ ಅಂದರೆ ತೊಂದರೆ ಇರುವುದು ಬಿಸಿಯಲ್ಲಿ, ಇಲ್ಲವೇ ಪವರ್‌ನಲ್ಲಿ. ಸುಮ್ನೆ ಒಂದಾದ ಮೇಲೊಂದು ಕನ್ವರ್ಟರ್ ಹಾಕಿ ನೋಡುತ್ತಾ ಕೂತರೆ ದಿನ ಹೋಗುತ್ತದೆ, ಕೆಲಸ ಆಗುವುದಿಲ್ಲ.

ಈ ಕೆಲಸ ಅಷ್ಟು ಭಾರ ಯಾಕೆ? ನಮ್ಮಲ್ಲಿನ ವಿಎಚ್‌ಎಸ್, ಮಿನಿ ಡಿವಿ ಕ್ಯಾಸೆಟ್‌ಗಳು ಪಾಲ್ ಎಂಬ ಟಿವಿ ಪದ್ಧತಿಯವು. ಸೆಕೆಂಡಿಗೆ 25 ಫ್ರೇಮ್. ಒಂದೊಂದು ಫ್ರೇಮ್‌ನಲ್ಲೂ ಎರಡು ಫೀಲ್ಡ್: ಒಂದರಲ್ಲಿ ಸಮ ಸಾಲುಗಳು, ಇನ್ನೊಂದರಲ್ಲಿ ಬೆಸ ಸಾಲುಗಳು. 576 ಸಾಲಿನ ಚಿತ್ರದಲ್ಲಿ ತಲಾ 288. ಈ ಎರಡು ಫೀಲ್ಡ್‌ಗಳ ನಡುವೆ ಸೆಕೆಂಡಿನ 50ನೇ ಒಂದು ಭಾಗದಷ್ಟು ಅಂತರ ಇರುತ್ತದೆ. ಆ ಅಂತರದಲ್ಲಿ ವಧುವಿನ ಕೈ ಸ್ವಲ್ಪ ಸರಿದಿರುತ್ತದೆ, ಅದಕ್ಕೇ ಆ ಹಲ್ಲುಗಳು. ಡಿಇಂಟರ್‌ಲೇಸ್ ಫಿಲ್ಟರ್, ಒಂದೊಂದು ಫೀಲ್ಡ್‌ನಲ್ಲಿ ಇಲ್ಲದ ಸಾಲುಗಳನ್ನು ಹಿಂದಿನ ಮುಂದಿನ ಫೀಲ್ಡ್ ನೋಡಿ ಲೆಕ್ಕ ಹಾಕಿ ತುಂಬುತ್ತದೆ. ಯಾಡಿಫ್‌ನಂಥ ಫಿಲ್ಟರ್ ಇದನ್ನು ಹಗುರವಾಗಿ ಮುಗಿಸುತ್ತದೆ. ಕ್ಯೂಟಿಜಿಎಂಸಿ ಎಂಬ ಇನ್ನೊಂದು ಫಿಲ್ಟರ್ ಚಲನೆಯನ್ನೆಲ್ಲ ಹುಡುಕಿ ಹುಡುಕಿ ಮಾಡುತ್ತದೆ. ಫಲಿತಾಂಶ ತುಂಬಾ ಚೆನ್ನ, ಹೊರೆಯೂ ಅಷ್ಟೇ ಜಾಸ್ತಿ. ಇದರ ಮೇಲೆ ಎನ್‌ಕೋಡಿಂಗ್ (ವಿಡಿಯೋವನ್ನು ಕುಗ್ಗಿಸಿ ಹೊಸ ಫೈಲಾಗಿ ಬರೆಯುವುದು) ಬೇರೆ. ಪ್ರೊಸೆಸರ್‌ನ ಎಲ್ಲ ಕೋರ್‌ಗಳೂ ಗಂಟೆಗಟ್ಟಲೆ ನೂರಕ್ಕೆ ನೂರು ಓಡುತ್ತವೆ. ಸಿನಿಮಾ ನೋಡುವಾಗ ಪ್ರೊಸೆಸರ್ ಹೆಚ್ಚುಕಡಿಮೆ ಖಾಲಿ ಕೂತಿರುತ್ತದೆ ಅಲ್ವಾ? ಹಾಗಾಗಿ ಆಗ ಕಾಣದ ದೋಷ ಈಗ ಹೊರಬೀಳುತ್ತದೆ.

ಮೊದಲು ಒಂದು ಸಣ್ಣ ವಿಷಯ ನೋಡಿಬಿಡಿ. ಹ್ಯಾಂಡ್‌ಬ್ರೇಕ್ ಎಂಬ ಕನ್ವರ್ಟರ್‌ನಲ್ಲಿ 'ವೆನ್ ಡನ್' ಎಂಬ ಆಯ್ಕೆ ಇದೆ. ಅದರಲ್ಲಿ ಶಟ್‌ಡೌನ್ ಎಂದಿದ್ದರೆ ಕೆಲಸ ಮುಗಿದ ಕೂಡಲೇ ಕಂಪ್ಯೂಟರ್ ಆಫ್ ಆಗುತ್ತದೆ. ಫೈಲ್ ಪೂರ್ತಿ ಆಗಿದ್ದರೆ ಇದೇ ಕಾರಣ ಇರಬಹುದು. ಮೆಷೀನ್ ನಿಜವಾಗಿ ಆಫ್ ಆಗಿದೆಯೋ, ಬರೀ ಸ್ಲೀಪ್‌ಗೆ ಹೋಗಿದೆಯೋ ಎಂಬುದನ್ನೂ ಗಮನಿಸಿ.

ಆಮೇಲೆ ಕಂಪ್ಯೂಟರಿನಲ್ಲಿ ನಡೆದದ್ದರ ದಾಖಲೆ ತೋರಿಸುವ ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ಪಟ್ಟಿ ನೋಡಿ. ಇವೆಂಟ್ ಐಡಿ 1074 ಎಂದಿದ್ದರೆ ಯಾವುದೋ ಪ್ರೋಗ್ರಾಂ ಅಥವಾ ಬಳಕೆದಾರರು ಆಫ್ ಮಾಡಿಸಿದ್ದಾರೆ. ಕರ್ನಲ್-ಪವರ್ 41 ಎಂದಿದ್ದರೆ ಸರಿಯಾಗಿ ಆಫ್ ಆಗದೆ ನಿಂತಿದೆ ಎಂದು ಅರ್ಥ. ಈ 41 ಕಂಡ ತಕ್ಷಣ ಬಹಳ ಜನ ಗಾಬರಿಯಾಗಿ ವಿಂಡೋಸ್ ಮತ್ತೆ ಹಾಕಿಸುತ್ತಾರೆ. ಬೇಡ. ಸರಿಯಾಗಿ ಆಫ್ ಆಗಲಿಲ್ಲ ಎಂಬುದನ್ನಷ್ಟೇ ಅದು ಹೇಳುತ್ತದೆ, ಕಾರಣ ಹೇಳುವುದಿಲ್ಲ.

ಕಾರಣ ಹಿಡಿಯಲು ಕಂಪ್ಯೂಟರಿನ ಬಿಸಿ ಎಷ್ಟೆಂದು ತೋರಿಸುವ ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ. ಸೆನ್ಸರ್ಸ್ ಕಿಟಕಿ ತೆರೆದು ಲಾಗಿಂಗ್ ಶುರು ಮಾಡಿ, ಆಮೇಲೆ ಕನ್ವರ್ಟ್‌ಗೆ ಇಡಿ. ಸೆಕೆಂಡುಗಳ ಅಂತರದಲ್ಲಿ ಅದು ಒಂದೊಂದು ಸಾಲು ಬರೆಯುತ್ತಾ ಹೋಗುತ್ತದೆ. ಕಂಪ್ಯೂಟರ್ ಆಫ್ ಆದ ಮೇಲೆ ಮತ್ತೆ ಆನ್ ಮಾಡಿ, ಆ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಕೊನೆಯ ಸಾಲುಗಳನ್ನು ಓದಿ. ಪ್ರೊಸೆಸರ್ ಬಿಸಿ ಹಂತಹಂತವಾಗಿ ಏರಿ 95–100 ಡಿಗ್ರಿಯಲ್ಲಿ ನಿಂತು ಆಮೇಲೆ ಸತ್ತಿದ್ದರೆ ಬಿಸಿಯೇ ಕಾರಣ. 70–75 ಡಿಗ್ರಿ ಇರುವಾಗಲೇ ಸತ್ತಿದ್ದರೆ ಪವರ್ ಕಡೆ ನೋಡಬೇಕು. ನನ್ನ ಪ್ರಕಾರ ರಿಪೇರಿ ಅಂಗಡಿಗೆ ಹೋಗುವ ಮೊದಲು ಈ ಫೈಲ್ ಕೈಯಲ್ಲಿ ಇರಲೇಬೇಕು. ಅದಿಲ್ಲದೆ ಹೋದರೆ ಅಂದಾಜಿನ ಮೇಲೆ ಒಂದೊಂದೇ ಪಾರ್ಟ್ ಬದಲಾಗುತ್ತಾ ಹೋಗುತ್ತದೆ, ದುಡ್ಡು ನಿಮ್ಮದು.

ಬಿಸಿ ಅಂತಾದರೆ ಒಂದು ವಿಷಯ ತಿಳಿದಿರಲಿ. ಈಗಿನ ಪ್ರೊಸೆಸರ್‌ಗಳು ಬಿಸಿಯಾದರೆ ಮೊದಲು ತಾವೇ ವೇಗ ಇಳಿಸಿಕೊಳ್ಳುತ್ತವೆ. ಅಷ್ಟಾದರೂ ತಣ್ಣಗಾಗದಿದ್ದರೆ ಮಾತ್ರ ಸುಡದಿರಲಿ ಎಂದು ಮೆಷೀನನ್ನೇ ಆಫ್ ಮಾಡುತ್ತವೆ. ಅಂದರೆ ಆಫ್ ಆಗುವ ಮಟ್ಟಕ್ಕೆ ಬಂದಿದೆ ಎಂದರೆ ಬರೀ ತೆಳು ಧೂಳಲ್ಲ: ಫ್ಯಾನ್ ನಿಂತಿರಬಹುದು, ಪ್ರೊಸೆಸರ್ ಮೇಲೆ ಕೂತು ಬಿಸಿ ಎಳೆಯುವ ಲೋಹದ ಹೀಟ್‌ಸಿಂಕ್ ಒಂದು ಮೂಲೆಯಲ್ಲಿ ಸಡಿಲವಾಗಿರಬಹುದು, ಅವೆರಡರ ನಡುವಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರಬಹುದು. ಇಂಟೆಲ್‌ನ ಹಳೆಯ ಕೂಲರ್‌ಗಳಲ್ಲಿ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ಅದರಲ್ಲಿ ಒಂದು ಎದ್ದಿದ್ದರೂ ಸಾಕು. ಪ್ಲಗ್ ಕಿತ್ತು, ಸೈಡ್ ಪ್ಯಾನಲ್ ತೆಗೆದು ನೋಡಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿಟ್ಟು ಹಿಡಿದುಕೊಳ್ಳಿ. ಲ್ಯಾಪ್‌ಟಾಪ್ ಆದರೆ ಹಾಸಿಗೆ ಮೇಲೆ ಇಡಲೇಬೇಡಿ. ಕೋಣೆಯ ಬಿಸಿಯೂ ಲೆಕ್ಕಕ್ಕೆ ಬರುತ್ತದೆ: ಚಳಿಗಾಲದಲ್ಲಿ 85ರಲ್ಲಿ ನಿಲ್ಲುತ್ತಿದ್ದ ಮೆಷೀನ್, ಏಪ್ರಿಲ್‌ನಲ್ಲಿ ರಾಯಚೂರಿನ ಮಧ್ಯಾಹ್ನ ಅಷ್ಟೇ ಕೆಲಸಕ್ಕೆ ಮಿತಿ ಮುಟ್ಟಿಬಿಡಬಹುದು. ಅಂಥ ಊರಲ್ಲಿ ರಾತ್ರಿ ಕನ್ವರ್ಟ್‌ಗೆ ಇಡುವುದೇ ವಾಸಿ.

ಪವರ್ ಅಂತಾದರೆ ಮೊದಲ ಅನುಮಾನ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಪೆಟ್ಟಿಗೆ) ಮೇಲೆ. ಅಗ್ಗದ್ದು, ಹಳೆಯದು ಪೂರ್ತಿ ಲೋಡ್ ಬಿದ್ದಾಗ ಕೈಕೊಡುತ್ತದೆ. ಅದನ್ನು ನೀವು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಅಪಾಯದಷ್ಟು ಚಾರ್ಜ್ ಉಳಿದಿರುತ್ತದೆ. ಬೇರೆ ಒಳ್ಳೆಯದನ್ನು ಎರವಲು ತಂದು ಹಾಕಿ ನೋಡುವುದೇ ಸರಿ. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ಗೋಡೆಯ ಪ್ಲಗ್‌ಗೆ ನೇರ ಕೊಟ್ಟು ಒಮ್ಮೆ ಕನ್ವರ್ಟ್ ಮಾಡಿ. ಬ್ಯಾಟರಿ ಸವೆದ ಯುಪಿಎಸ್, ಕರೆಂಟ್ ಕಣ್ಣು ಮಿಟುಕಿಸಿದಾಗ ಬ್ರೌಸಿಂಗ್ ಲೋಡ್ ತಡೆದೀತು, ಎನ್‌ಕೋಡಿಂಗ್ ಲೋಡ್ ತಡೆಯಲಾರದು. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಪೂರ್ತಿ ಹೋಗಿದ್ದು, 90 ವ್ಯಾಟ್ ಬೇಕಾದ ಕಡೆ 65 ವ್ಯಾಟ್ ಅಡಾಪ್ಟರ್ ಹಾಕಿದ್ದರೂ ಹೀಗೇ ಆಗುತ್ತದೆ.

ರಿಪೇರಿ ಆಗುವವರೆಗೆ ಕೆಲಸ ನಿಲ್ಲಿಸಬೇಕಿಲ್ಲ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಎಂಬುದನ್ನು 99 ಮಾಡಿದರೆ ಸಾಮಾನ್ಯವಾಗಿ ಟರ್ಬೊ (ಪ್ರೊಸೆಸರ್ ತಾನೇ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಲ್ಲುತ್ತದೆ, ಬಿಸಿಯೂ ಕರೆಂಟಿನ ಎಳೆತವೂ ಇಳಿಯುತ್ತವೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಕಾಣುವುದಿಲ್ಲ. ಆಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಆ ಪ್ರೋಗ್ರಾಂಗೆ ಅಫಿನಿಟಿ ಹಾಕಿ ಅರ್ಧದಷ್ಟು ಕೋರ್‌ಗಳನ್ನು ಮಾತ್ರ ಕೊಡಿ. ನಿಧಾನ ಆಗುತ್ತದೆ, ಆದರೆ ಮುಗಿಯುತ್ತದೆ.

ಇನ್ನೊಂದು, ಫೈಲನ್ನು ಎಂಪಿ4 ಆಗಿ ಅಲ್ಲ, ಎಂಕೆವಿ ಆಗಿ ಉಳಿಸಿ. ಎಂಪಿ4ನಲ್ಲಿ ಸಾಮಾನ್ಯವಾಗಿ ಯಾವುದು ಎಲ್ಲಿದೆ ಎಂದು ಹೇಳುವ ಸೂಚಿ ಕೊನೆಗೆ ಬರೆಯಲ್ಪಡುತ್ತದೆ. ನಡುವೆ ಕರೆಂಟ್ ಹೋದರೆ ಮೂರು ಗಂಟೆಯ ಕೆಲಸವೂ ತೆರೆಯುವುದಿಲ್ಲ. ಎಂಕೆವಿಯಲ್ಲಿ ಅಲ್ಲಿವರೆಗೆ ಆದದ್ದು ಓಡುತ್ತದೆ. ಉಳಿದ ಭಾಗವನ್ನು ಅಲ್ಲಿಂದ ಮುಂದಕ್ಕೆ ಮಾಡಿ, ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರ್‌ನಲ್ಲಿ ಮತ್ತೆ ಎನ್‌ಕೋಡ್ ಮಾಡದೆ ಜೋಡಿಸಿಕೊಳ್ಳಬಹುದು. ಟಿವಿಗೆ ಎಂಪಿ4 ಬೇಕೆಂದರೆ ಅದನ್ನೂ ಆಗಲೇ ಮಾಡಿಕೊಳ್ಳಿ. ಕ್ಯಾಸೆಟ್‌ನಿಂದ ಇಳಿಸಿದ ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಮಿನಿ ಡಿವಿ ಆದರೆ ಗಂಟೆಗೆ ಸುಮಾರು 13 ಜಿಬಿ ಹಿಡಿಯುತ್ತದೆ ನಿಜ, ಆದರೆ ಟೇಪ್ ಮುಂದಿನ ಸಲ ಓಡುತ್ತದೆ ಎಂಬ ಖಾತ್ರಿ ಇಲ್ಲ.